ಮದುಮಗಳ ಕೇಶಾಲಂಕಾರ: ಎರಡು ಟ್ರಯಲ್‌ಗಳು ಮತ್ತು ಒಂದು ಮದುವೆಯ ದಿನ

ತಂಗಿಯ ಮದುವೆಯ ಕೇಶಾಲಂಕಾರಕ್ಕಾಗಿ ನಾವು ಇಬ್ಬರು ವೃತ್ತಿಪರರ ಬಳಿ ಟ್ರಯಲ್ ಮಾಡಿಸಿದೆವು. ಮೊದಲನೆಯವರು ಮಾಡಿದ ಅಲಂಕಾರ ಮೂರು ಗಂಟೆಯೂ ಉಳಿಯಲಿಲ್ಲ. ಎರಡನೆಯವರು ಕಟ್ಟಿದ ತುರುಬು ಮದುವೆಯ ದಿನ ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಕದಲದೆ ನಿಂತಿತು. ಇಬ್ಬರ ಹೆಸರನ್ನೂ ನಾನು ಬರೆಯುವುದಿಲ್ಲ. ಅವರಿಬ್ಬರು ಕೆಲಸ ಮಾಡಿದ ರೀತಿಯಲ್ಲಿದ್ದ ವ್ಯತ್ಯಾಸವನ್ನು ಬರೆಯುತ್ತೇನೆ. ಮದುವೆಗೆ ಕೇಶಾಲಂಕಾರ ಆರಿಸಿಕೊಳ್ಳುತ್ತಿರುವವರಿಗೆ ಯಾವುದೇ ಅಂಗಡಿಯ ಹೆಸರಿಗಿಂತ ಆ ವ್ಯತ್ಯಾಸವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ನನಗೆ ಮನವರಿಕೆಯಾಗಿದೆ.

ಮೊದಲ ಟ್ರಯಲ್‌ಗೆ ನಾವು ಹೋದದ್ದು ಒಂದು ಚಿತ್ರವನ್ನು ಹಿಡಿದುಕೊಂಡು. ನೆತ್ತಿಯ ಮೇಲಿನ ಕೂದಲನ್ನು ಹಿಂದಕ್ಕೆ ಎತ್ತಿ ಕಟ್ಟಿ, ಉಳಿದದ್ದನ್ನು ದೊಡ್ಡ ದೊಡ್ಡ ಸುರುಳಿಗಳಾಗಿ ಬೆನ್ನ ಮೇಲೆ ಇಳಿಬಿಟ್ಟಿದ್ದ ಚಿತ್ರ ಅದು. ತಂಗಿಯ ಕೂದಲು ತೆಳು, ನೇರ, ನುಣುಪು, ಸೊಂಟದವರೆಗೆ ಉದ್ದ. ತಲೆ ತೊಳೆದುಕೊಂಡೇ ಬರಬೇಕೆಂದು ಹೇಳಿದ್ದರಿಂದ ಅವಳು ಅಂದೇ ಬೆಳಿಗ್ಗೆ ಶ್ಯಾಂಪೂ ಹಾಕಿ, ಕಂಡೀಷನರ್ ಹಚ್ಚಿ ಬಂದಿದ್ದಳು. ಅವರು ಚಿತ್ರವನ್ನು ಒಮ್ಮೆ ನೋಡಿ ಕೆಲಸ ಆರಂಭಿಸಿದರು, ಮುಕ್ಕಾಲು ಗಂಟೆಯೊಳಗೆ ಮುಗಿಸಿದರು. ಕನ್ನಡಿಯಲ್ಲಿ ಅದು ಚಿತ್ರದಲ್ಲಿದ್ದ ಹಾಗೆಯೇ ಕಂಡಿತು, ನಮಗೆ ನಿಜಕ್ಕೂ ಸಂತೋಷವಾಯಿತು. ಆದರೆ ಮನೆ ತಲುಪುವ ಹೊತ್ತಿಗೆ ತುದಿಯ ಸುರುಳಿಗಳು ಬಿಚ್ಚಿಕೊಂಡಿದ್ದವು. ಇನ್ನೊಂದು ಗಂಟೆ ಕಳೆದಾಗ ಬೆನ್ನ ಮೇಲೆ ಉಳಿದದ್ದು ಜಡೆ ಬಿಚ್ಚಿದ ಮೇಲೆ ಉಳಿಯುವಂಥ ಸಣ್ಣ ಅಲೆ ಮಾತ್ರ. ಜೊತೆಗೆ ಕಿವಿಯ ಹಿಂದೆ ನೋವು ಶುರುವಾಗಿ ಅವಳು ತಲೆ ಹಿಡಿದುಕೊಂಡು ಕುಳಿತಳು. ನಾನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟ ಪಿನ್ನುಗಳನ್ನು ಎಣಿಸಿದಾಗ 58 ಇದ್ದವು. ಫೋನಿನಲ್ಲಿ ವಿಷಯ ತಿಳಿಸಿದಾಗ ಬಂದ ಉತ್ತರ, "ಮದುವೆಯ ದಿನ ಸ್ಪ್ರೇ ಜಾಸ್ತಿ ಹಾಕುತ್ತೇವೆ" ಎಂಬುದು. ಆ ಉತ್ತರ ಕೇಳಿದ ಮೇಲೆ ಬೇರೆಯವರನ್ನು ಹುಡುಕಲು ನಿರ್ಧರಿಸಿದೆವು.

ಸ್ಪ್ರೇ ಹೆಚ್ಚು ಹಾಕುವುದು ಏಕೆ ಪರಿಹಾರವಾಗುವುದಿಲ್ಲ ಎಂಬುದು ಎರಡನೆಯವರ ಬಳಿ ಹೋದಾಗ ನನಗೆ ಅರ್ಥವಾಯಿತು. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರೊಳಗಿನ ಹೈಡ್ರೋಜನ್ ಬಂಧಗಳು ಶಾಖಕ್ಕೂ ನೀರಿಗೂ ಸಡಿಲಗೊಳ್ಳುತ್ತವೆ, ಆರಿದಾಗ ಆ ಕ್ಷಣದಲ್ಲಿರುವ ಆಕಾರದಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ಹಾಗಾಗಿ ಬಿಸಿ ಸಲಾಕೆಯಿಂದ ಬಿಡಿಸಿದ ಸುರುಳಿಯನ್ನು ಬಿಸಿಯಿರುವಾಗಲೇ ಕೆಳಕ್ಕೆ ಬಿಟ್ಟರೆ, ಅದು ತನ್ನ ಭಾರಕ್ಕೆ ಜಗ್ಗಿಕೊಂಡು, ಜಗ್ಗಿದ ಆಕಾರದಲ್ಲೇ ತಣಿಯುತ್ತದೆ. ಉದ್ದ ಕೂದಲಿನಲ್ಲಿ ಈ ಜಗ್ಗುವಿಕೆ ಇನ್ನೂ ಹೆಚ್ಚು. ಆಮೇಲೆ ಬೆವರು, ಗಾಳಿಯ ತೇವ ಸೇರಿದರೆ ಉಳಿದ ಸುರುಳಿಯೂ ಬಿಚ್ಚಿಕೊಳ್ಳುತ್ತದೆ. ಸ್ಪ್ರೇ ಮೇಲ್ಪದರವನ್ನು ಸ್ವಲ್ಪ ಹೊತ್ತು ಹಿಡಿದಿಡಬಲ್ಲದೇ ಹೊರತು ಒಳಗೆ ಕೂಡಿಕೊಳ್ಳದ ಆಕಾರವನ್ನು ತಂದುಕೊಡಲಾರದು.

ಎರಡನೆಯವರ ಬಳಿ ಹೋದದ್ದು ಮದುವೆಗೆ ಐದು ವಾರ ಮೊದಲು. ಆ ಅಂತರ ಸರಿಯಾಗಿತ್ತು ಎಂದು ಈಗ ಅನಿಸುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಮಾತ್ರ ಬೆಳೆಯುವುದರಿಂದ ಟ್ರಯಲ್‌ನಲ್ಲಿ ಇದ್ದ ಉದ್ದವೇ ಮದುವೆಯ ದಿನವೂ ಹೆಚ್ಚುಕಡಿಮೆ ಇರುತ್ತದೆ, ಏನಾದರೂ ಸರಿಹೋಗದಿದ್ದರೆ ಇನ್ನೊಮ್ಮೆ ಪ್ರಯತ್ನಿಸಲು ಸಮಯವೂ ಉಳಿಯುತ್ತದೆ.

ಅವರು ಮೊದಲ ಇಪ್ಪತ್ತು ನಿಮಿಷ ಬಾಚಣಿಗೆಯನ್ನೇ ಮುಟ್ಟಲಿಲ್ಲ. ಸಮಾರಂಭ ಎಷ್ಟು ಗಂಟೆಗಳದ್ದು, ಬಯಲಿನಲ್ಲೋ ಒಳಾಂಗಣದಲ್ಲೋ, ಉಡುಪಿನ ಬೆನ್ನು ಎಷ್ಟು ಆಳ, ತಲೆಯ ಮೇಲೆ ಬಟ್ಟೆ ಬರುತ್ತದೆಯೇ, ಆಭರಣದ ತೂಕ ಎಷ್ಟು, ಅದು ಹಣೆಯ ಮೇಲೆ ತೂಗುತ್ತದೆಯೋ ಹಿಂದಲೆಯಲ್ಲಿ ಕೂರುತ್ತದೆಯೋ, ಬಿಗಿಯಾಗಿ ಕಟ್ಟಿದರೆ ತಲೆ ನೋಯುವ ಅಭ್ಯಾಸವಿದೆಯೇ, ಬಣ್ಣ ಹಚ್ಚಿದಾಗ ಎಂದಾದರೂ ನವೆಯಾಗಿತ್ತೇ ಎಂದೆಲ್ಲ ಕೇಳಿ ಒಂದು ಹಾಳೆಯಲ್ಲಿ ಬರೆದುಕೊಂಡರು. ಮಾತಿಗೆ ಮೊದಲು ಅವರು ಮಾಡಿದ ಒಂದೇ ಕೆಲಸವೆಂದರೆ, ತಂಗಿಯ ಹಿಂದಲೆಯಿಂದ ಎರಡು ಎಳೆಗಳನ್ನು ಬೇರ್ಪಡಿಸಿ ಎರಡನ್ನೂ ಸಲಾಕೆಗೆ ಸುತ್ತಿದ್ದು. ಒಂದನ್ನು ಹಾಗೆಯೇ ಇಳಿಬಿಟ್ಟರು. ಇನ್ನೊಂದನ್ನು ಬಿಸಿಯಿರುವಾಗಲೇ ಬೆರಳಿಗೆ ಸುತ್ತಿ, ಚಕ್ಕುಲಿಯ ಹಾಗೆ ಚಪ್ಪಟೆಯಾಗಿಸಿ, ತಲೆಗೆ ಒತ್ತಿ ಕ್ಲಿಪ್ ಹಾಕಿದರು. ಮಾತು ಮುಗಿದ ಮೇಲೆ ಕ್ಲಿಪ್ ತೆಗೆದು ಎರಡನ್ನೂ ನನಗೆ ತೋರಿಸಿದರು. ಇಳಿಬಿಟ್ಟದ್ದು ಆಗಲೇ ಅರ್ಧ ನೇರವಾಗಿತ್ತು. ಕ್ಲಿಪ್ಪಿನಲ್ಲಿ ತಣಿದದ್ದು ಸ್ಪ್ರಿಂಗಿನಂತೆ ಕುಣಿಯುತ್ತಿತ್ತು, ಆದರೆ ಬೆರಳಿನಿಂದ ನಾಲ್ಕು ಬಾರಿ ಎಳೆದಾಗ ಅದೂ ಸ್ವಲ್ಪ ಉದ್ದವಾಯಿತು.

"ನಿಮ್ಮ ಕೂದಲಿನಲ್ಲಿ ಸುರುಳಿಯನ್ನು ಹೊರಗೆ ಬಿಟ್ಟರೆ ಇಡೀ ದಿನ ಉಳಿಯುವುದಿಲ್ಲ. ಅದೇ ಸುರುಳಿಯನ್ನು ತುರುಬಿನೊಳಗೆ ಮಡಚಿಟ್ಟರೆ, ಅದು ತುರುಬನ್ನು ಹಿಡಿದುಕೊಳ್ಳುತ್ತದೆ" ಎಂದು ಅವರು ತಂಗಿಗೆ ಹೇಳಿದರು. ಅವಳ ಮುಖ ಬಾಡಿತು. ಎಷ್ಟೋ ತಿಂಗಳಿನಿಂದ ಫೋನಿನಲ್ಲಿ ಜೋಪಾನ ಮಾಡಿಟ್ಟುಕೊಂಡಿದ್ದ ಚಿತ್ರವನ್ನು ಬಿಟ್ಟುಕೊಡುವುದು ಸುಲಭವಲ್ಲ, ಅವಳ ಬೇಸರ ನನಗೆ ಅರ್ಥವಾಯಿತು. ಈ ವೃತ್ತಿಯಲ್ಲಿರುವವರು ಗ್ರಾಹಕರಿಗೆ ಮಾಡುವ ಅತಿ ದೊಡ್ಡ ಉಪಕಾರ ಇದೇ ಎಂದು ನಾನು ನಂಬುತ್ತೇನೆ: ಆಗದ್ದನ್ನು ಆಗುವುದಿಲ್ಲ ಎಂದು ಮದುವೆಗೆ ಐದು ವಾರ ಮೊದಲೇ, ಕಣ್ಣೆದುರು ತೋರಿಸಿ ಹೇಳುವುದು. ಅವರು ಅಷ್ಟಕ್ಕೇ ನಿಲ್ಲಿಸದೆ, ಆ ಚಿತ್ರದಲ್ಲಿ ಅವಳಿಗೆ ಇಷ್ಟವಾದದ್ದು ಏನೆಂದು ಕೇಳಿದರು. ಯೋಚಿಸಿ ನೋಡಿದಾಗ ಅವಳಿಗೆ ಹಿಡಿಸಿದ್ದು ಬೆನ್ನ ಮೇಲಿನ ಸುರುಳಿಯಲ್ಲ, ಹಣೆಯ ಪಕ್ಕದಿಂದ ಕಿವಿಯ ಕಡೆಗೆ ಮೆದುವಾಗಿ ಬಾಗಿ ಹೋಗುವ ಮುಂಗೂದಲು. ಅದನ್ನು ಉಳಿಸಿಕೊಂಡು ಹಿಂದೆ ತಗ್ಗಿನ ತುರುಬು ಕಟ್ಟುವುದೆಂದು ತೀರ್ಮಾನವಾಯಿತು.

ಮುಖದ ಆಕಾರ ನೋಡಿ ಕೇಶಾಲಂಕಾರ ಆರಿಸಬೇಕೆಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ. ದುಂಡು ಮುಖಕ್ಕೆ ಇದು, ಉದ್ದ ಮುಖಕ್ಕೆ ಅದು ಎಂಬ ಪಟ್ಟಿಗಳಿಗೆ ಅಷ್ಟು ಮಹತ್ವ ಕೊಡಬೇಕಾಗಿಲ್ಲ ಎಂಬುದು ಆ ದಿನ ಕನ್ನಡಿಯ ಮುಂದೆ ನಿಂತು ನೋಡಿದ ಮೇಲೆ ನನ್ನ ಅಭಿಪ್ರಾಯ. ತಗ್ಗಿನ ತುರುಬು ಎದುರಿನಿಂದ ಕಾಣುವುದೇ ಇಲ್ಲ. ಎದುರಿನಿಂದ ಕಾಣುವುದು ಬೈತಲೆ, ನೆತ್ತಿಯ ಎತ್ತರ ಮತ್ತು ಕಿವಿಯ ಮೇಲಿನ ಕೂದಲು. ಬೈತಲೆಯನ್ನು ನಡುವಿನಿಂದ ಒಂದೇ ಒಂದು ಬೆರಳಿನಷ್ಟು ಎಡಕ್ಕೆ ಸರಿಸಿದಾಗ, ನೆತ್ತಿಯ ಬುಡದಲ್ಲಿ ಹಿಮ್ಮುಖವಾಗಿ ಬಾಚಿ ಕೂದಲನ್ನು ಸ್ವಲ್ಪ ಎತ್ತಿದಾಗ, ಅವಳ ಮುಖದಲ್ಲಿ ಆದ ಬದಲಾವಣೆ ಇಡೀ ವಿನ್ಯಾಸವನ್ನು ಬದಲಿಸಿದ್ದಕ್ಕಿಂತ ದೊಡ್ಡದಾಗಿತ್ತು. ಇನ್ನು ತುರುಬು ಎಷ್ಟು ಕೆಳಗಿರಬೇಕೆಂಬುದನ್ನು ಅವರು ನಿರ್ಧರಿಸಿದ್ದು ಉಡುಪಿನ ಬೆನ್ನಿನ ಅಂಚನ್ನು ನೋಡಿ. ಅಂಚಿಗೂ ತುರುಬಿಗೂ ನಡುವೆ ಕತ್ತು ಕಾಣುವಷ್ಟು ಜಾಗ ಬಿಡದಿದ್ದರೆ ಕುಳ್ಳಗೆ ಕಾಣುತ್ತದೆ, ತಲೆ ಎತ್ತಿದಾಗಲೆಲ್ಲ ತುರುಬು ಬಟ್ಟೆಗೆ ತಾಗಿ ಮೇಲಕ್ಕೆ ಒತ್ತಿಕೊಳ್ಳುತ್ತದೆ. ಉಡುಪನ್ನು ಟ್ರಯಲ್‌ಗೆ ಒಯ್ಯಲಾಗದಿದ್ದರೂ ಅದರ ಬೆನ್ನಿನ ಫೋಟೋ ಇದ್ದದ್ದು ಒಳ್ಳೆಯದಾಯಿತು.

ಇನ್ನೊಂದು ಸಂಗತಿಯನ್ನು ವಿವರವಾಗಿ ಹೇಳಲೇಬೇಕು, ಏಕೆಂದರೆ ಮೊದಲನೆಯವರ 58 ಪಿನ್ನುಗಳ ಗುಟ್ಟು ಅಲ್ಲಿ ಬಯಲಾಯಿತು. ನುಣುಪಾದ ಕೂದಲಿಗೆ ಪಿನ್ನು ಹಾಕಿದರೆ ಜಾರುತ್ತದೆ, ಜಾರಿತೆಂದು ಇನ್ನೊಂದು ಹಾಕುತ್ತಾರೆ, ಹೀಗೆ ಸಂಖ್ಯೆ ಬೆಳೆಯುತ್ತದೆ. ಎರಡನೆಯವರು ಆಭರಣ ಕೂರಬೇಕಾದ ಜಾಗದಲ್ಲಿ, ಬೈತಲೆಯ ಪಕ್ಕದ ಮೇಲ್ಪದರವನ್ನು ಎತ್ತಿ ಹಿಡಿದು, ಅದರ ಕೆಳಗೆ ಕಡ್ಡಿಯಷ್ಟು ತೆಳುವಾದ ಒಂದು ಪುಟ್ಟ ಜಡೆ ಹೆಣೆದರು. ಅದನ್ನು ತಲೆಗೆ ಅಡ್ಡವಾಗಿ ಮಲಗಿಸಿ ಎರಡು ಪಿನ್ನುಗಳನ್ನು ಕತ್ತರಿಯಂತೆ ಒಂದರ ಮೇಲೊಂದು ಹಾಕಿ ಬಂಧಿಸಿದರು. ಪಿನ್ನಿನ ಅಲೆಅಲೆಯಾದ ಬದಿ ತಲೆಯ ಕಡೆಗಿರಬೇಕು, ನೇರ ಬದಿ ಮೇಲಕ್ಕಿರಬೇಕು ಎಂಬುದನ್ನು ನಾನು ಕಲಿತದ್ದು ಆಗಲೇ. ಇಷ್ಟು ವರ್ಷ ಉಲ್ಟಾ ಹಾಕಿಕೊಳ್ಳುತ್ತಿದ್ದೆ. ಆಮೇಲೆ ಆಭರಣದ ಕೊಂಡಿಯನ್ನು ಆ ಜಡೆಗೇ ಸಿಕ್ಕಿಸಿ ಮೇಲ್ಪದರದ ಕೂದಲನ್ನು ಅದರ ಮೇಲೆ ಇಳಿಸಿದರು. ಆಭರಣದ ಭಾರ ನಾಲ್ಕಾರು ಎಳೆಗಳ ಬುಡವನ್ನು ಜಗ್ಗುವ ಬದಲು ಇಡೀ ಜಡೆಯ ಮೇಲೆ ಹಂಚಿಹೋಯಿತು. ತಂಗಿ ತಲೆ ಅಲ್ಲಾಡಿಸಿ ನೋಡಿ, "ಅಕ್ಕ, ಏನೂ ಎಳೆಯುತ್ತಿಲ್ಲ" ಎಂದಳು.

ಟ್ರಯಲ್ ಮುಗಿದ ಮೇಲೆ ಅವರು ಕೊಟ್ಟ ಸೂಚನೆ ಒಂದೇ: ರಾತ್ರಿ ಮಲಗುವವರೆಗೆ ಬಿಚ್ಚಬೇಡಿ, ಮಾಮೂಲಿ ಕೆಲಸಗಳನ್ನೆಲ್ಲ ಮಾಡಿ. ನಾವು ಹಾಗೆಯೇ ಮಾಡಿದೆವು. ಅವಳು ವಾಹನದಲ್ಲಿ ಸೀಟಿಗೆ ಒರಗಿ ಕುಳಿತಳು, ಬಿಸಿಲಿನಲ್ಲಿ ನಡೆದಳು, ಬಗ್ಗಿ ಎದ್ದಳು, ತಲೆಯ ಮೇಲೆ ಬಟ್ಟೆ ಹೊದ್ದು ತೆಗೆದಳು. ಏಳನೆಯ ಗಂಟೆಯ ಹೊತ್ತಿಗೆ ಎಡಗಿವಿಯ ಹಿಂದಿನ ಒಂದು ಎಳೆ ಜಾರಿತು. ಕಿಟಕಿಯ ಬೆಳಕಿನಲ್ಲಿ ನೋಡಿದಾಗ, ತುರುಬಿಗೆ ದಪ್ಪ ಬರಲೆಂದು ಒಳಗಿಟ್ಟಿದ್ದ ಕೃತಕ ಕೂದಲಿನ ಬಣ್ಣ ಅವಳ ಕೂದಲಿಗಿಂತ ಕೆಂಪಾಗಿ ಕಾಣುತ್ತಿತ್ತು. ಇದು ಅವರ ತಪ್ಪು. ಹಳದಿ ದೀಪದ ಕೆಳಗೆ ಬಣ್ಣ ಹೊಂದಿಸಿದ್ದರಿಂದ ಆದದ್ದು. ಎರಡರ ಫೋಟೋವನ್ನೂ ಕಳುಹಿಸಿದೆವು. ತಪ್ಪನ್ನು ಒಪ್ಪಿಕೊಂಡು, ತಂಗಿಯನ್ನು ಮತ್ತೆ ಕರೆಸಿ, ಬಾಗಿಲ ಬಳಿ ನಿಲ್ಲಿಸಿ ಹಗಲಿನ ಬೆಳಕಿನಲ್ಲಿ ಬೇರೆ ಬಣ್ಣ ಆರಿಸಿದರು.

ಕೂದಲಿಗೆ ಬಣ್ಣ ಹಚ್ಚಿಸುವ ಯೋಚನೆಯಿದ್ದವರು ಅದನ್ನು ಮದುವೆಯ ವಾರಕ್ಕೆ ಇಟ್ಟುಕೊಳ್ಳಬಾರದು, ಹಚ್ಚುವ 48 ಗಂಟೆ ಮೊದಲು ಚರ್ಮದ ಮೇಲೆ ಅಲರ್ಜಿ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದೂ ಅವರು ತಿಳಿಸಿದರು. ತಂಗಿ ಬಣ್ಣ ಹಚ್ಚಿಸಲಿಲ್ಲ.

ಮದುವೆಯ ದಿನಕ್ಕೆ ತಲೆ ತೊಳೆದದ್ದು ಹಿಂದಿನ ದಿನ, ಕಂಡೀಷನರ್ ತುದಿಗಳಿಗೆ ಮಾತ್ರ, ಸೀರಂ ಇಲ್ಲವೇ ಇಲ್ಲ. ಮುಂದೆ ಗುಂಡಿಯಿರುವ ಅಂಗಿಯನ್ನೇ ಹಾಕಿಕೊಂಡು ಕೂರಬೇಕೆಂದು ಮೊದಲೇ ಹೇಳಿದ್ದರಿಂದ, ಅಲಂಕಾರವಾದ ಮೇಲೆ ತಲೆಯ ಮೇಲಿಂದ ಬಟ್ಟೆ ಎಳೆಯುವ ಪ್ರಸಂಗ ಬರಲಿಲ್ಲ. ಅವರು ಅರ್ಧ ಗಂಟೆ ತಡವಾಗಿ ಬಂದರು, ಆ ಅರ್ಧ ಗಂಟೆ ನಾವೆಲ್ಲ ಅನುಭವಿಸಿದ ಆತಂಕವನ್ನು ಇಲ್ಲಿ ದಾಖಲಿಸಲೇಬೇಕು. ಮದುವೆಯ ಮನೆಯಲ್ಲಿ ಒಬ್ಬರ ತಡ ಎಲ್ಲರ ತಡವಾಗುತ್ತದೆ. ಆದರೆ ಬಂದ ಮೇಲೆ ಅವರು ಆತುರಪಡಲಿಲ್ಲ. ಶಾಖದಿಂದ ರಕ್ಷಿಸುವ ದ್ರವ ಸಿಂಪಡಿಸಿ, ತೆಳು ಕೂದಲೆಂದು ಸಲಾಕೆಯನ್ನು 160 ಡಿಗ್ರಿಯಲ್ಲೇ ಇಟ್ಟು, ಪ್ರತಿ ಸುರುಳಿಯನ್ನೂ ಕ್ಲಿಪ್ಪಿನಲ್ಲಿ ತಣಿಯಲು ಬಿಟ್ಟರು. ತಣಿಯುವ ಹೊತ್ತಿನಲ್ಲಿ ಮೇಕಪ್‌ನವರು ತಮ್ಮ ಕೆಲಸ ನಡೆಸಿದರು. ಸ್ಪ್ರೇಯನ್ನು ಒಂದು ಗೇಣು ದೂರದಿಂದ ತೆಳುವಾಗಿ ಹಾಕಿದರು. ಮುಂಗೂದಲಿನ ಮೇಲೆ ಮಾತ್ರ ಅದು ಸ್ವಲ್ಪ ಹೆಚ್ಚಾಯಿತು ಎಂದು ನನಗನ್ನಿಸಿತು. ಮೆದುವಾಗಿ ಬಾಗಬೇಕಿದ್ದ ಎಳೆ ಮುಟ್ಟಿದರೆ ಗಟ್ಟಿಯಾಗಿತ್ತು. ಕಣ್ಣಿಗೆ ಅದು ಗೊತ್ತಾಗುತ್ತಿರಲಿಲ್ಲ.

ಮಧ್ಯಾಹ್ನ ಗಾಳಿ ಬೀಸಿತು, ಸಂಜೆ ಬಂದವರೆಲ್ಲ ಅವಳನ್ನು ತಬ್ಬಿಕೊಂಡರು. ಅವರು ನನ್ನ ಕೈಗೆ ಕೊಟ್ಟುಹೋಗಿದ್ದ ಪುಟ್ಟ ಚೀಲದಲ್ಲಿ ಆರು ಪಿನ್ನು, ಒಂದು ಬಾಚಣಿಗೆ, ಸಣ್ಣ ಸ್ಪ್ರೇ ಇದ್ದವು. ಇಡೀ ದಿನದಲ್ಲಿ ನಾನು ಬಳಸಿದ್ದು ಒಂದೇ ಪಿನ್ನು, ಅದೂ ತಲೆಯ ಮೇಲಿನ ಬಟ್ಟೆ ಸರಿಪಡಿಸಲು. ಎಡಗಿವಿಯ ಹಿಂದಿನ ಎಳೆ ಈ ಬಾರಿ ಜಾರಲಿಲ್ಲ. ಪರಿಚಯದವರು ಯಾರಾದರೂ ಕೇಳಿದರೆ, ಅವರು ಬರಬೇಕಾದ ಸಮಯಕ್ಕಿಂತ ಅರ್ಧ ಗಂಟೆ ಮುಂಚಿನ ಸಮಯ ಹೇಳಿ ಎಂಬ ಒಂದು ಮಾತು ಸೇರಿಸಿ, ನಾನು ಇವರ ಬಳಿಗೇ ಕಳುಹಿಸುತ್ತೇನೆ.

ರಾತ್ರಿ ಹತ್ತರ ನಂತರ ತಂಗಿಯನ್ನು ಕುರ್ಚಿಯಲ್ಲಿ ಕೂರಿಸಿ ನಾನೇ ಬಿಚ್ಚಿದೆ. ಪಿನ್ನುಗಳು 31. ಸ್ಪ್ರೇ ಹಾಕಿದ ಕೂದಲನ್ನು ಒಣಗಿದ್ದಾಗ ಬಾಚಿದರೆ ತುಂಡಾಗುತ್ತದೆಂದು ಅವರು ಎಚ್ಚರಿಸಿದ್ದರಿಂದ, ಕಂಡೀಷನರ್ ಹಚ್ಚಿ ನೆನೆಸಿ, ತುದಿಯಿಂದ ಆರಂಭಿಸಿ ಮೇಲಕ್ಕೆ ಸ್ವಲ್ಪ ಸ್ವಲ್ಪವಾಗಿ ಸಿಕ್ಕು ಬಿಡಿಸಿದೆ. ಎಲ್ಲ ಮುಗಿಯಿತೆಂದುಕೊಂಡು ಬೈತಲೆಯ ಪಕ್ಕ ಕೈಯಾಡಿಸಿದಾಗ ಬೆರಳಿಗೆ ಏನೋ ತಡೆಯಿತು. ಆಭರಣವನ್ನು ಹದಿನೈದು ಗಂಟೆ ಹೊತ್ತಿದ್ದ ಆ ಪುಟ್ಟ ಜಡೆ, ಹೆಣೆದಷ್ಟೇ ಬಿಗಿಯಾಗಿ ಅಲ್ಲೇ ಇತ್ತು. ಅದನ್ನು ಕೊನೆಯದಾಗಿ ಬಿಚ್ಚುವಷ್ಟರಲ್ಲಿ ಅವಳು ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು.