ನಮ್ಮೂರ ನಗರಸಭೆ: ಒಂದು ವರ್ಷದ ಓಡಾಟದ ಮೇಲೆ 5ಕ್ಕೆ 3

ಹೋಟೆಲ್ಲಿಗೆ ರಿವ್ಯೂ ಬರೆಯುತ್ತೇವೆ, ಮಿಕ್ಸಿಗೆ ಬರೆಯುತ್ತೇವೆ, ನಾನಂತೂ ಹೋದ ವರ್ಷ ಒಂದು ಪೊರಕೆಗೂ ಬರೆದಿದ್ದೇನೆ. ನಲ್ಲಿಗೆ ನೀರು ಬಿಡುವ, ಕಸ ಒಯ್ಯುವ, ಬೀದಿ ದೀಪ ಹಚ್ಚುವ ನಗರಸಭೆಗೆ ಮಾತ್ರ ಯಾರೂ ಬರೆಯುವುದಿಲ್ಲ. ಬೈಯುತ್ತೇವೆ, ಅಷ್ಟೇ. ಈ ವರ್ಷ ನನಗೆ ಅಲ್ಲಿ ಒಂದಾದ ಮೇಲೊಂದು ಕೆಲಸ ಬಿತ್ತು. ಕಂದಾಯ, ಇ-ಖಾತಾ (ನಮ್ಮ ಆಸ್ತಿಯ ವಿವರ ಇರುವ ನಗರಸಭೆಯ ಕಂಪ್ಯೂಟರ್ ದಾಖಲೆ), ತಂಗಿ ಮಗುವಿನ ಜನನ ಪತ್ರ, ಆರಿದ ದೀಪ. ಹೆಚ್ಚುಕಡಿಮೆ ಎಲ್ಲ ಕೌಂಟರ್ ಮುಂದೆಯೂ ನಿಂತು ಬಂದಿದ್ದೇನೆ, ಹಾಗಾಗಿ ಬರೆಯುವ ಹಕ್ಕು ಇದೆ ಅಂದುಕೊಂಡಿದ್ದೇನೆ.

ಊರಿನ ಹೆಸರು ಹೇಳುವುದಿಲ್ಲ. ನಾಳೆ ಮತ್ತೆ ಅದೇ ಕೌಂಟರ್‌ಗೆ ಹೋಗಬೇಕು, ಅಲ್ವಾ. ಮೊದಲು ಪುರಸಭೆ ಇತ್ತು, ಜನಸಂಖ್ಯೆ 50 ಸಾವಿರ ದಾಟಿದ ಮೇಲೆ ನಗರಸಭೆ ಆಯಿತು, ಇಷ್ಟು ಸಾಕು. ಬೋರ್ಡ್ ಬದಲಾಯಿತು, ಮುಖ್ಯಾಧಿಕಾರಿ ಇದ್ದ ಜಾಗಕ್ಕೆ ಪೌರಾಯುಕ್ತರು ಬಂದರು. ಕುರ್ಚಿಗಳು ಅವೇ.

ಚೆನ್ನಾಗಿರುವುದರಿಂದ ಶುರು ಮಾಡುತ್ತೇನೆ. ಕಂದಾಯ ಕೌಂಟರ್. ದುಡ್ಡು ಒಳಗೆ ಬರುವ ಜಾಗ ಅದು, ಹಾಗಾಗಿ ಅಲ್ಲಿ ಫ್ಯಾನ್ ತಿರುಗುತ್ತದೆ, ಸರ್ವರ್ ಕೂಡ ಇರುತ್ತದೆ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ. ಇದು ನಮ್ಮಪ್ಪನಿಗೆ ಬಾಯಿಪಾಠ, ಹಾಗಾಗಿ ಏಪ್ರಿಲ್ ಮೊದಲ ವಾರವೇ ನನ್ನನ್ನು ಅಟ್ಟಿದರು. ಹಳೇ ರಸೀದಿ ಕೊಟ್ಟೆ, ಚಲನ್ ಬಂತು, ಫೋನಿನಲ್ಲೇ ಕಟ್ಟಿದೆ, ಹತ್ತು ನಿಮಿಷದ ಕೆಲಸ. ಚಲನ್ ಒಮ್ಮೆ ಓದಿ ನೋಡಿ, ಮಜಾ ಇರುತ್ತದೆ. ತೆರಿಗೆಯ ಕೆಳಗೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಅಂತ ಸಾಲಾಗಿ ಇರುತ್ತವೆ. ಗ್ರಂಥಾಲಯಕ್ಕೆ ಶೇ 6 ಕೊಡುತ್ತಿದ್ದೇನೆ ಅಂತ ಗೊತ್ತಾದ ಮೇಲೆ ನಾನು ದಿನಾ ಸಂಜೆ ಅಲ್ಲಿಗೆ ಹೋಗಿ ಮೂರು ಪೇಪರ್ ಓದಿ ಬರುತ್ತೇನೆ. ಬಿಡಬಾರದು.

ಈಗ ಇ-ಖಾತಾಗೆ ಬರೋಣ. ನಕ್ಷತ್ರ ಕಳೆದದ್ದು ಇಲ್ಲೇ.

2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ಸೈಟು, ಮನೆ ಯಾವುದೂ ರಿಜಿಸ್ಟರ್ ಆಗುವುದಿಲ್ಲ. ಅದಾದ ಮೇಲೆ 2025ರಲ್ಲಿ ಬಿ ಖಾತಾ ಅಭಿಯಾನ ಬಂತು. ರೆವಿನ್ಯೂ ಸೈಟು, ಅಂದರೆ ಮಂಜೂರಾತಿ ಇಲ್ಲದ ಬಡಾವಣೆಯ ಸೈಟು ತೆಗೆದುಕೊಂಡವರೆಲ್ಲ ಬಿ ಖಾತಾಕ್ಕೆ ಅರ್ಜಿ ಹಿಡಿದು ಬಂದರು. ಅಂದರೆ ಊರಿನ ಅರ್ಧ ಜನ ಒಂದೇ ಕಿಟಕಿಯ ಮುಂದೆ. ನಮ್ಮದು ಅಪ್ಪ ಕಟ್ಟಿಸಿದ ಹಳೇ ಮನೆ, ಎಲ್ಲ ಕಾಗದ ಸರಿ ಇದೆ, ಸುಮ್ನೆ ಹೋಗಿ ಕೊಟ್ಟು ಬಂದರೆ ಆಯಿತು ಅಂದುಕೊಂಡಿದ್ದೆ. ಕ್ರಯಪತ್ರ, ಇ.ಸಿ. (ಋಣಭಾರ ಪತ್ರ), ಕಂದಾಯ ರಸೀದಿ, ಕರೆಂಟ್ ಬಿಲ್, ಆಧಾರ್, ಮನೆಯ ಫೋಟೋ, ಅಪ್ಪನ ಫೋಟೋ. ಕೊಟ್ಟೆ. ತೆಗೆದುಕೊಂಡರು.

ಸಕಾಲ ಸ್ವೀಕೃತಿ ಕೇಳಿದೆ. ‘ಫೈಲ್ ಮೊದಲು ನೋಡ್ತೀವಿ, ಎಲ್ಲ ಸರಿ ಇದ್ರೆ ನಂಬರ್ ಕೊಡ್ತೀವಿ’ ಅಂದರು. ಇದರ ಒಳಗುಟ್ಟು ನನಗೆ ಆಮೇಲೆ ಹೊಳೆಯಿತು. ಸಕಾಲ ಕಾಯ್ದೆ 2011ರದ್ದು, ಜಾರಿಗೆ ಬಂದದ್ದು 2012ರ ಏಪ್ರಿಲ್‌ನಲ್ಲಿ. ಹೇಳಿದ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ಹದಿನೈದು ಅಂಕಿಯ ಆ ನಂಬರ್ ಹುಟ್ಟಿದ ಕ್ಷಣದಿಂದ ದಿನ ಎಣಿಕೆ ಶುರು. ಹಾಗಾಗಿ ನಂಬರನ್ನೇ ತಡವಾಗಿ ಹುಟ್ಟಿಸಿದರೆ? ಎರಡೂವರೆ ತಿಂಗಳು ನಮ್ಮ ಫೈಲ್ ಹುಟ್ಟಿಯೇ ಇರಲಿಲ್ಲ. ಕಂಪ್ಯೂಟರ್ ಲೆಕ್ಕದಲ್ಲಿ ನಮ್ಮ ಕೆಲಸ ಆಮೇಲೆ ಗಡುವಿನೊಳಗೇ ಮುಗಿದಿದೆ, ನೋಡಿ ಚಮತ್ಕಾರ.

ಮೊದಲೆಲ್ಲ ‘ಫೈಲ್ ಯಾರ ಟೇಬಲ್ ಮೇಲಿದೆ’ ಅಂತ ಕೇಳುತ್ತಿದ್ದೆವು. ಈಗ ‘ಯಾರ ಲಾಗಿನ್‌ನಲ್ಲಿದೆ’ ಅಂತ ಕೇಳಬೇಕು. ಕೇಸ್‌ವರ್ಕರ್ ಲಾಗಿನ್‌ನಿಂದ ಆರ್‌ಐ (ಕಂದಾಯ ನಿರೀಕ್ಷಕ) ಲಾಗಿನ್, ಅಲ್ಲಿಂದ ಆರ್‌ಒ (ಕಂದಾಯ ಅಧಿಕಾರಿ) ಲಾಗಿನ್, ಕೊನೆಗೆ ಪೌರಾಯುಕ್ತರದ್ದು. ಟೇಬಲ್ ಆದರೆ ಕಣ್ಣಿಗೆ ಕಾಣುತ್ತಿತ್ತು, ಕೆಂಪು ದಾರ ಕಟ್ಟಿದ ನಮ್ಮ ಫೈಲು ಎಷ್ಟನೆಯದು ಅಂತ ಎಣಿಸಬಹುದಿತ್ತು. ಲಾಗಿನ್ ಒಳಗೆ ಇಣುಕುವುದು ಹೇಗೆ? ಒಂದು ದಿನ ಆರ್‌ಐ ಟ್ರೈನಿಂಗ್, ಒಂದು ದಿನ ಎಲೆಕ್ಷನ್ ಡ್ಯೂಟಿ, ಇನ್ನೊಂದು ದಿನ ಡಿಜಿಟಲ್ ಸಹಿಯ ಅವಧಿ ಮುಗಿದಿದೆ. ನಾಲ್ಕನೇ ಸಲ ಹೋದಾಗ ಚಕ್ಕುಬಂದಿಯಲ್ಲಿ, ಅಂದರೆ ಮನೆಯ ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ, ಪೂರ್ವ ಪಶ್ಚಿಮ ಅದಲು ಬದಲಾಗಿದೆ ಅಂತ ಗೊತ್ತಾಯಿತು. ಕ್ರಯಪತ್ರದಲ್ಲಿ ಸರಿ ಇದೆ, ಟೈಪ್ ಮಾಡಿದವರು ತಿರುಗಿಸಿದ್ದಾರೆ. ಪರದೆಯಲ್ಲಿ ನಮ್ಮ ಮನೆಯ ಮುಂದಿನ ರಸ್ತೆ ಹಿತ್ತಲಿಗೆ ಹೋಗಿ, ಹಿತ್ತಲ ಬಾವಿ ಬಾಗಿಲಿಗೆ ಬಂದಿತ್ತು. ಅಪ್ಪ ಅದನ್ನು ನೋಡಿ ‘ಬಾವಿ ಮುಂದೆ ಬಂದ್ರೆ ಒಳ್ಳೇದೇ, ನೀರು ಸೇದೋದು ಹತ್ರ’ ಅಂದರು. ನನಗೆ ನಗು ಬರಲಿಲ್ಲ.

ಕೊನೆಗೆ ಬಿಡಿಸಿದ್ದು ಕಂಪ್ಯೂಟರ್ ಅಲ್ಲ. ಮೂಲೆಯಲ್ಲಿ ಕೂರುವ, ನಿವೃತ್ತಿಗೆ ಹತ್ತಿರ ಇರುವ ಒಬ್ಬ ಗುಮಾಸ್ತರು. ಹಳೇ ಅಸೆಸ್‌ಮೆಂಟ್ ವಹಿ ತೆಗೆದರು, ನಾಲಿಗೆಗೆ ಬೆರಳು ಮುಟ್ಟಿಸಿ ಪುಟ ತಿರುವಿದರು, ಅಜ್ಜನ ಹೆಸರಿನ ಸಾಲು ಹುಡುಕಿ ಅದರ ಫೋಟೋ ತೆಗೆದು ಅವರೇ ಕೇಸ್‌ವರ್ಕರ್‌ಗೆ ಕಳಿಸಿದರು. ‘ಈಗ ತಿದ್ದು’ ಅಂದರು. ತಿದ್ದಿದರು. ಸಕಾಲ ನಂಬರ್ ಸಿಕ್ಕಿದ್ದೂ ಆವತ್ತೇ, ನಮೂನೆ 3, ಅಂದರೆ ಇ-ಖಾತಾ ಕೈಗೆ ಬಂದದ್ದು ಅದಾಗಿ ಮೂರನೇ ವಾರ. ಲಂಚ ಕೇಳಿದರಾ ಅಂತ ಎಲ್ಲರೂ ಕೇಳುತ್ತಾರೆ. ನನ್ನನ್ನು ಕೇಳಲಿಲ್ಲ. ಆದರೆ ಗೇಟಿನ ಹೊರಗೆ ಬೈಕ್ ಮೇಲೆ ಕೂತಿರುವ ಇಬ್ಬರು ‘ಇ-ಖಾತಾನಾ ಅಣ್ಣಾ?’ ಅಂತ ಪ್ರತಿ ಸಲವೂ ಕೇಳಿದರು. ಅವರ ಮೂಲಕ ಹೋದ ಪಕ್ಕದ ಬೀದಿಯವರಿಗೆ ಹದಿನೆಂಟು ದಿನದಲ್ಲಿ ಬಂತು. ಎಷ್ಟು ಕೊಟ್ಟರು ಅಂತ ಅವರೂ ಹೇಳಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.

ಜನನ ಪತ್ರ ಇದಕ್ಕೆ ಪೂರ್ತಿ ಉಲ್ಟಾ. ತಂಗಿಗೆ ಹೆರಿಗೆ ಆಗಿದ್ದು ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ. 21 ದಿನದೊಳಗೆ ನೋಂದಣಿ ಆಗಬೇಕು, ಅವರೇ ಮಾಹಿತಿ ಕಳಿಸಿದ್ದರು. ನಾಮಕರಣ ಆಗಿರಲಿಲ್ಲ, ಹಾಗಾಗಿ ಹೆಸರಿನ ಜಾಗ ಖಾಲಿ. ಒಂದು ವರ್ಷದೊಳಗೆ ಹೆಸರು ಸೇರಿಸಲು ಶುಲ್ಕ ಇಲ್ಲ, ಒಂದು ಅರ್ಜಿ ಸಾಕು. ಕೌಂಟರ್‌ನಲ್ಲಿದ್ದ ಹುಡುಗಿ ಹೆಸರನ್ನು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಪರದೆಯನ್ನು ನನ್ನ ಕಡೆ ತಿರುಗಿಸಿ, ಒಂದೊಂದೇ ಅಕ್ಷರದ ಮೇಲೆ ಪೆನ್ನಿನ ತುದಿ ಇಟ್ಟು ಓದಿಸಿದಳು. ‘ಆಮೇಲೆ ಒಂದು ಅಕ್ಷರ ತಪ್ಪಾಯ್ತು ಅಂತ ಬರಬೇಡಿ ಸರ್, ಮಗು ಕಾಲೇಜಿಗೆ ಹೋಗೋವರೆಗೂ ಅಳ್ತೀರಿ.’ ಸರಿಯಾದ ಮಾತು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್, ಲೈಸೆನ್ಸ್ ಎಲ್ಲದಕ್ಕೂ ಹುಟ್ಟಿದ ದಿನದ ಪುರಾವೆ ಇದೇ ಕಾಗದ. ಆ ಹುಡುಗಿಗೆ 5ಕ್ಕೆ 5. ಹೊರಗುತ್ತಿಗೆ ಕೆಲಸವಂತೆ, ಸಂಬಳ ಎರಡು ತಿಂಗಳು ಬಂದಿಲ್ಲವಂತೆ. ಅದನ್ನೂ ನಗುತ್ತಲೇ ಹೇಳಿದಳು.

ನೀರು. ನಮ್ಮಲ್ಲಿ ನಾಲ್ಕು ದಿನಕ್ಕೊಮ್ಮೆ, ಎರಡು ಗಂಟೆ. ಒಳಚರಂಡಿ ಇರುವ ಊರಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಕೊಡಬೇಕು ಅಂತ ಲೆಕ್ಕ ಇದೆ. ನಮ್ಮ ಬೀದಿಯಲ್ಲಿ ಲೆಕ್ಕ ಡ್ರಮ್ಮಿನದ್ದು. ಆದರೆ ನನ್ನ ದೂರು ನೀರು ಕಮ್ಮಿ ಅಂತ ಅಲ್ಲ, ಯಾವಾಗ ಬರುತ್ತದೆ ಅಂತ ಹೇಳುವವರಿಲ್ಲ ಅಂತ. ನಗರಸಭೆಯ ಅಧಿಕೃತ ವಾಟ್ಸಾಪ್ ಗ್ರೂಪ್ ಇದೆ. ‘ಸಾರ್ವಜನಿಕರಿಗೆ ಮಾಹಿತಿ’ ಅಂತ ಅದರ ಹೆಸರು. ಹೋದ ತಿಂಗಳು ಅದರಲ್ಲಿ ಬಂದದ್ದು: ಮೂರು ಹಾರ ಹಾಕುವ ಫೋಟೋ, ಒಂದು ಗುದ್ದಲಿ ಪೂಜೆ, ಎರಡು ಹುಟ್ಟುಹಬ್ಬದ ಶುಭಾಶಯ. ಪೈಪ್ ಒಡೆದು ಆರು ದಿನ ನೀರು ಇಲ್ಲದಿದ್ದಾಗ ಒಂದು ಸಾಲೂ ಇಲ್ಲ.

ನಿಜವಾದ ಸುದ್ದಿ ಸಿಗುವುದು ವಾಲ್ವ್‌ಮನ್ ಹತ್ತಿರ. ಬೆಳಗಿನ ಜಾವ ಐದಕ್ಕೆ ಸೈಕಲ್‌ಗೆ ಟಿ ಆಕಾರದ ಕಬ್ಬಿಣದ ಕೀ ಕಟ್ಟಿಕೊಂಡು ಬರುತ್ತಾರೆ. ಗುಂಡಿಯ ಮುಚ್ಚಳ ಸರಿಸಿ ಕೀ ಇಳಿಸಿ, ಎರಡೂ ಕೈಯಲ್ಲಿ ತಿರುಗಿಸುತ್ತಾ ಬಾಯಲ್ಲಿ ಸುತ್ತು ಎಣಿಸುತ್ತಾರೆ. ನಮ್ಮ ಬೀದಿಗೆ ಹದಿನಾಲ್ಕು, ಏರಿನ ಮೇಲಿನವರಿಗೆ ಪೂರ್ತಿ. ಹದಿನೈದು ಬಿಟ್ಟರೆ ಕೆಳಗಿನ ಹಳೇ ಜಾಯಿಂಟ್ ಒಡೆಯುತ್ತದಂತೆ. ಈ ಹದಿನಾಲ್ಕು ಯಾವ ಆ್ಯಪಿನಲ್ಲೂ ಇಲ್ಲ, ಯಾವ ರಿಜಿಸ್ಟರಿನಲ್ಲೂ ಇಲ್ಲ, ಅವರು ಒಂದು ವಾರ ಮಗಳ ಮದುವೆಗೆ ರಜೆ ಹಾಕಿದಾಗ ಬಂದ ಹೊಸಬ ಪೂರ್ತಿ ತಿರುಗಿಸಿ ರಸ್ತೆಯನ್ನೇ ಹೊಳೆ ಮಾಡಿದ್ದ. ಆರು ದಿನ ನೀರಿಲ್ಲದ್ದು ಆಗಲೇ. ಈಗ ವಾಲ್ವ್‌ಮನ್ ತಾವೇ ಬೀದಿಯವರಿಗೆ ಒಂದು ಗ್ರೂಪ್ ಮಾಡಿದ್ದಾರೆ, ಬರೀ ವಾಯ್ಸ್ ಮೆಸೇಜ್. ‘ಜಾಕ್‌ವೆಲ್‌ನಲ್ಲಿ ಕರೆಂಟ್ ಇಲ್ಲ, ನಾಳೆ ಐದಕ್ಕೆ ಬಿಡ್ತೀನಿ, ಯಾರೂ ಕಾಯಬ್ಯಾಡ್ರಿ.’ ಜಾಕ್‌ವೆಲ್ ಅಂದರೆ ಊರಿಗೆ ನೀರೆತ್ತುವ ಪಂಪ್ ಇರುವ ಬಾವಿ. ಹಿಂದೆ ಕೋಳಿ ಕೂಗುವುದೂ ಕೇಳಿಸುತ್ತದೆ. ಇದಕ್ಕಿಂತ ಒಳ್ಳೆಯ ಅಪ್‌ಡೇಟ್ ಸರ್ವಿಸ್ ನಾನು ನೋಡಿಲ್ಲ.

ಕಸದ ಗಾಡಿ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಏಳೂಕಾಲಕ್ಕೆ ಹಾಡು ಹಾಕಿಕೊಂಡು ಬರುತ್ತದೆ, ಹೋಗುತ್ತದೆ. ಹಸಿ ಕಸ, ಒಣ ಕಸ ಬೇರೆ ಮಾಡದಿದ್ದರೆ ಗಾಡಿಯ ಅಕ್ಕ ಬಕೆಟ್ಟನ್ನು ವಾಪಸ್ ಇಟ್ಟು ಹೋಗುತ್ತಾರೆ. ಮೊದಲ ವಾರ ಸಿಟ್ಟು ಬಂತು, ಈಗ ರೂಢಿಯಾಗಿದೆ. ಒಂದೇ ಬೇಜಾರು. ಅಷ್ಟು ಕಷ್ಟಪಟ್ಟು ನಾವು ಬೇರೆ ಮಾಡಿದ್ದು ಊರಾಚೆ ಹೋಗಿ ಒಂದೇ ಗುಡ್ಡೆಗೆ ಬೀಳುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಇನ್ನೊಂದು, ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ. ಅವತ್ತು ಗಾಡಿ ಬರಲಿಲ್ಲ ಅಂತ ನಮ್ಮ ಬೀದಿಯ ಗ್ರೂಪಿನಲ್ಲಿ ಬಂದ ಬೈಗುಳ ನೋಡಿ ನನಗೇ ನಾಚಿಕೆ ಆಯಿತು. 700 ಜನಕ್ಕೆ ಒಬ್ಬ ಪೌರಕಾರ್ಮಿಕ ಅಂತ ಸರ್ಕಾರದ ಲೆಕ್ಕ. ಆ 700ರಲ್ಲಿ ಇಂಥವರೂ ಇರುತ್ತೇವೆ ಅಂತ ಲೆಕ್ಕ ಹಾಕಿದವರಿಗೆ ಗೊತ್ತಿತ್ತೋ ಇಲ್ಲವೋ.

ಬೀದಿ ದೀಪದ ಕಥೆ ಚಿಕ್ಕದು. ನಮ್ಮ ತಿರುವಿನ ಎಲ್ಇಡಿ ಆರಿತು. ಆ್ಯಪಿನಲ್ಲಿ ಕಂಬದ ನಂಬರ್, ಫೋಟೋ ಎಲ್ಲ ಹಾಕಿ ದೂರು ಕೊಟ್ಟೆ. ಮೂರನೇ ದಿನ ‘ನಿಮ್ಮ ದೂರು ಪರಿಹರಿಸಲಾಗಿದೆ’ ಅಂತ ಮೆಸೇಜ್, ಜೊತೆಗೆ ಉರಿಯುವ ದೀಪದ ಫೋಟೋ. ಹೊರಗೆ ಬಂದು ನೋಡಿದರೆ ಕಗ್ಗತ್ತಲು. ಫೋಟೋ ದೊಡ್ಡದು ಮಾಡಿ ನೋಡಿದೆ. ಕಂಬದ ಪಕ್ಕ ಒಂದು ಬೇವಿನ ಮರ ಇತ್ತು. ನಮ್ಮ ಬೀದಿಯಲ್ಲಿ ಬೇವಿನ ಮರವೇ ಇಲ್ಲ, ಇರುವುದೆಲ್ಲ ಹೊಂಗೆ. ಮತ್ತೆ ದೂರು ಕೊಟ್ಟೆ, ಮತ್ತೆ ಅದೇ ಬೇವಿನ ಮರ ಬಂತು. ಕೊನೆಗೆ ವಾಲ್ವ್‌ಮನ್ ಹತ್ತಿರ ದೀಪದವರ ನಂಬರ್ ಇಸಿದುಕೊಂಡು ಫೋನ್ ಮಾಡಿದೆ. ಸಂಜೆ ಏಣಿ ಹಿಡಿದು ಬಂದು ಹಾಕಿ ಹೋದರು. ಚಹಾ ಕುಡಿಯುತ್ತಾ, ‘ಆ್ಯಪಿನಲ್ಲಿ ಹಾಕಿದ್ದು ನಮಗೆ ಬರೋದೇ ಇಲ್ಲ ಸರ್’ ಅಂದರು.

ವಾರ್ಡಿನ ಸದಸ್ಯರನ್ನು ಹಿಡಿಯಬಹುದಿತ್ತಲ್ಲ ಅಂತ ಕೇಳಬಹುದು. ಹಿಡಿದು ಏನು ಮಾಡುವುದು? 2018ರ ಆಗಸ್ಟ್‌ನಲ್ಲಿ ಓಟು ಹಾಕಿ ಗೆಲ್ಲಿಸಿದೆವು, ಮೀಸಲಾತಿಯ ಕೇಸು ಕೋರ್ಟಿನಲ್ಲಿತ್ತು ಅಂತ ಅಧ್ಯಕ್ಷರು ಕುರ್ಚಿ ಮೇಲೆ ಕೂರುವಷ್ಟರಲ್ಲಿ 2020 ಮುಗಿಯುತ್ತಾ ಬಂದಿತ್ತು. ಒಂದೆರಡು ಊರಿನ ಕಥೆ ಅಲ್ಲ ಇದು, ಆ ಸಲ ಚುನಾವಣೆ ಆದ ಊರೂರಲ್ಲೂ ಹೀಗೇ ಆಯಿತು. ಅಷ್ಟು ದಿನ ನಮ್ಮ ಸದಸ್ಯರು ಮದುವೆ ಮನೆಗಳಲ್ಲಿ ಮಾತ್ರ ಸಿಗುತ್ತಿದ್ದರು.

ಅಂಕ: ಕಂದಾಯಕ್ಕೆ 4, ಜನನ ಪತ್ರಕ್ಕೆ 5, ಇ-ಖಾತಾಗೆ 1, ನೀರಿಗೆ 2, ನೀರು ಬಿಡುವವರಿಗೆ 5, ಕಸಕ್ಕೆ 3, ಆ್ಯಪಿಗೆ ಸೊನ್ನೆ. ಸರಾಸರಿ ಸುಮಾರು 3 ಬರುತ್ತದೆ.

ಹೋಗುವವರಿಗೆ ಒಂದೆರಡು ಮಾತು. ಸೋಮವಾರ ಹೋಗಬೇಡಿ, ಅವತ್ತು ಮೀಟಿಂಗ್. ಊಟಕ್ಕೆ ಮುಂಚೆ ಹೋಗಿ, ಆಮೇಲೆ ಸರ್ವರ್ ಸುಸ್ತಾಗುತ್ತದೆ. ಅರ್ಜಿ ಕೊಟ್ಟ ಮೇಲೆ ಸಕಾಲ ನಂಬರ್ ಸಿಗುವವರೆಗೆ ಕಿಟಕಿ ಬಿಡಬೇಡಿ, ಹಿಂದಿನವರು ಬೈದರೂ ಸರಿ. ಇ-ಖಾತಾದ ಕರಡು ಕೇಳಿ ಚಕ್ಕುಬಂದಿ ನೀವೇ ಓದಿ. ಹಳೇ ವಹಿ ನೋಡುವುದಿದ್ದರೆ ಮೂಲೆಯ ಗುಮಾಸ್ತರನ್ನು ಕೇಳಿ, ಮುಂದಿನ ಮೇ ತಿಂಗಳಿಗೆ ಅವರಿಗೆ ನಿವೃತ್ತಿ. ಮತ್ತೆ ಝೆರಾಕ್ಸ್ ಮನೆಯಿಂದಲೇ ಮಾಡಿಸಿಕೊಂಡು ಹೋಗಿ, ಗೇಟಿನ ಎದುರಿನ ಅಂಗಡಿಯಲ್ಲಿ ಒಂದು ಹಾಳೆಗೆ 5 ರೂಪಾಯಿ.