ನಲ್ಲಿಯಲ್ಲಿ ಗುಲಾಬಿ ಬಣ್ಣ ಬಂದರಷ್ಟೇ ಸಾಲದು: ಟ್ರಾವೆಲ್ ಟ್ರೈಲರ್ ಇರುವವರಿಗೆ ಚಳಿಗಾಲದ ಎಚ್ಚರಿಕೆ

ಮಿನೆಸೋಟಾ, ವಿಸ್ಕಾನ್ಸಿನ್, ಮಿಷಿಗನ್, ಒಂಟಾರಿಯೊ ಕಡೆ ಟ್ರಾವೆಲ್ ಟ್ರೈಲರ್ (ವಾಹನದ ಹಿಂದೆ ಎಳೆದೊಯ್ಯುವ ಮನೆಗಾಡಿ) ಕೊಂಡಿರುವ ಕನ್ನಡಿಗರು ದಯವಿಟ್ಟು ಇದನ್ನು ಅಕ್ಟೋಬರ್‌ಗೆ ಮೊದಲೇ ಓದಿಕೊಳ್ಳಿ. ಒಂದೇ ಚಳಿಗಾಲದಲ್ಲಿ ಹಾಳಾದ 26 ಅಡಿಯ ಟ್ರೈಲರ್ ಒಂದರ ವಿಷಯ ಇದು. ಅದರ ಮಾಲೀಕರು ಅಸಡ್ಡೆ ಮಾಡಿದವರೇನಲ್ಲ. ಟ್ಯಾಂಕು ಖಾಲಿ ಮಾಡಿ, ಪಂಪಿನಿಂದ ಗುಲಾಬಿ ಆಂಟಿಫ್ರೀಜ್ (ಚಳಿಗೆ ಪೈಪು ಒಡೆಯದಂತೆ ತುಂಬುವ ದ್ರವ) ಎಳೆಸಿ, ಅಡುಗೆ ಸಿಂಕು, ಬಾತ್‌ರೂಮಿನ ಸಿಂಕು, ಷವರ್ ಮೂರರಲ್ಲೂ ಬಣ್ಣ ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಬೀಗ ಹಾಕಿದ್ದರು. ಮೇ ತಿಂಗಳಲ್ಲಿ ಹೋಸ್ ಜೋಡಿಸಿ ನೀರು ಬಿಟ್ಟಾಗ ಹೊರಗಿನ ಷವರ್‌ನ ನಲ್ಲಿ ಉದ್ದಕ್ಕೆ ಸೀಳಿತ್ತು. ಹೋಸ್ ಸಿಕ್ಕಿಸುವ ಬಾಯಿಯ ಹಿಂದಿನ, ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಬಿರಿದಿತ್ತು. ಬ್ಲ್ಯಾಕ್ ಟ್ಯಾಂಕ್ (ಟಾಯ್ಲೆಟ್‌ನ ಕೊಳೆ ಸೇರುವ ಟ್ಯಾಂಕು) ತೊಳೆಯುವ ಪೈಪಿಗೆ ಬಾತ್‌ರೂಮಿನ ಗೋಡೆಯೊಳಗೆ ಕೂರಿಸಿರುವ, ಕೊಳೆನೀರು ಹಿಂದಕ್ಕೆ ಬರದಂತೆ ತಡೆಯುವ ವ್ಯಾಕ್ಯೂಮ್ ಬ್ರೇಕರ್ ಕೂಡ ಒಡೆದಿತ್ತು. ಆದರೆ ಅದು ಟ್ಯಾಂಕು ತೊಳೆಯುವಾಗ ಮಾತ್ರ ಸೋರುತ್ತದೆ. ಹಾಗಾಗಿ ಗೊತ್ತಾಗುವಷ್ಟರಲ್ಲಿ ಗೋಡೆಯ ಬುಡದ ಪ್ಲೈವುಡ್ ನೆನೆದು ಉಬ್ಬಿಹೋಗಿತ್ತು.

ಒಡೆದ ಮೂರೂ ಜಾಗಗಳಿಗೆ, ಒಳಗಿನ ನಲ್ಲಿಗಳನ್ನು ಎಷ್ಟು ಹೊತ್ತು ತೆರೆದಿಟ್ಟರೂ ಆಂಟಿಫ್ರೀಜ್ ತಲುಪುವುದಿಲ್ಲ.

ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ಪೈಪು ತಾನೂ ಒಂದಿಷ್ಟು ಹಿಗ್ಗಿ ತಾಳಿಕೊಳ್ಳುತ್ತದೆ. ಪ್ಲಾಸ್ಟಿಕ್ ಎಲ್ಬೋ, ನಲ್ಲಿಯ ಒಳಭಾಗ, ಪಂಪಿನ ತಲೆ, ಟಾಯ್ಲೆಟ್‌ನ ವಾಲ್ವ್ ಇವು ತಾಳುವುದಿಲ್ಲ. ರಾತ್ರಿ 28 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಮೈನಸ್ 2 ಸೆಲ್ಸಿಯಸ್ ಆಸುಪಾಸಿಗೆ ಇಳಿದು ಕೆಲವು ಗಂಟೆ ಅಲ್ಲೇ ನಿಂತರೆ ಸಾಕು, ತೆಳುವಾದ ಬಾಗಿಲ ಹಿಂದಿರುವ ಹೊರಗಿನ ಷವರ್‌ಗೆ ಅಪಾಯ ಶುರು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 1884ರ ಜನವರಿಯ 7.8 ಡಿಗ್ರಿ ಸೆಲ್ಸಿಯಸ್. ಪೈಪು ಒಡೆಯುವ ಚಳಿ ನಮ್ಮ ಹಿರಿಯರು ಕಂಡದ್ದಲ್ಲ, ಹೇಳಿಕೊಟ್ಟದ್ದೂ ಅಲ್ಲ. ಅದಕ್ಕೇ ಇಷ್ಟು ಬಿಡಿಸಿ ಬರೆಯಬೇಕಾಗಿದೆ.

ಮೊದಲ ಕೆಲಸ ವಾಟರ್ ಹೀಟರ್‌ನದು. ಗ್ಯಾಸ್ ಮತ್ತು ಕರೆಂಟ್ ಎರಡರ ಸ್ವಿಚ್ಚೂ ಆಫ್ ಆಗಿರಬೇಕು. ಕೆಲವು ಹೀಟರ್‌ಗಳಿಗೆ ಹೊರಗಿನ ಮುಚ್ಚಳದ ಹಿಂದೆ ಇನ್ನೊಂದು ಸ್ವಿಚ್ ಇರುತ್ತದೆ, ಅದನ್ನೂ ನೋಡಿ. ನೀರಿಲ್ಲದೆ ಉರಿದರೆ ಕರೆಂಟ್ ಎಲಿಮೆಂಟ್ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ. ನೀರು ಪೂರ್ತಿ ತಣ್ಣಗಾದ ಮೇಲೆ ಹೊರಗಿನ ನೀರಿನ ಸಂಪರ್ಕ ಮತ್ತು ಪಂಪು ನಿಲ್ಲಿಸಿ, ಒಂದು ಬಿಸಿನೀರಿನ ನಲ್ಲಿ ತೆರೆದು ಒತ್ತಡ ಇಳಿಸಿ, ಹೀಟರ್‌ನ ಪ್ರೆಷರ್ ರಿಲೀಫ್ ವಾಲ್ವಿನ ಹಿಡಿಯನ್ನು ಎತ್ತಿ. ಹೀಟರ್‌ನ ನೀರು ಹೊರಬಿಡುವ ಪ್ಲಗ್ ಬಿಚ್ಚುವುದು ಇಷ್ಟೆಲ್ಲ ಆದ ಮೇಲೆ, ಅದೂ ಪಕ್ಕಕ್ಕೆ ನಿಂತು. ಒತ್ತಡ ಉಳಿದಿದ್ದರೆ ನೀರು ನೇರ ಮೈಮೇಲೆ ಬರುತ್ತದೆ. ಸಬರ್ಬನ್ ಕಂಪನಿಯ ಹೀಟರ್‌ನಲ್ಲಿ ಆನೋಡ್ ರಾಡೇ (ಟ್ಯಾಂಕಿನ ಬದಲು ತಾನು ಸವೆಯುವ ಲೋಹದ ಕಡ್ಡಿ) ಪ್ಲಗ್. ಅದಕ್ಕೆ 1-1/16 ಇಂಚಿನ ಸಾಕೆಟ್ ಬೇಕು. ರಾಡ್ ಬಹುಪಾಲು ಸವೆದಿದ್ದರೆ ಹೊಸದು ತಂದಿಡಿ. ಆಟ್ವುಡ್ ಅಥವಾ ಡೊಮೆಟಿಕ್ ಆದರೆ ಪ್ಲಾಸ್ಟಿಕ್ ಪ್ಲಗ್ ಇರುತ್ತದೆ, ಜೋರಾಗಿ ತಿರುಗಿಸಿದರೆ ಅದರ ಮೂಲೆ ಸವೆದು ಸಾಕೆಟ್ ಜಾರುತ್ತದೆ. ತಳದಲ್ಲಿ ಸ್ವಲ್ಪ ನೀರು ಉಳಿದೇ ಉಳಿಯುತ್ತದೆ. ಮೇಲೆ ಖಾಲಿ ಜಾಗ ಇರುವುದರಿಂದ ಅದು ಹಿಗ್ಗಿದರೂ ತೊಂದರೆಯಿಲ್ಲ.

ಆಮೇಲೆ ಬೈಪಾಸ್, ಅಂದರೆ ದ್ರವ ಹೀಟರ್‌ನೊಳಗೆ ಹೋಗದೆ ಪಕ್ಕದಿಂದ ಹಾಯುವ ದಾರಿ. ಮೂರು ವಾಲ್ವ್ ಇರುವ ಜೋಡಣೆಯಲ್ಲಿ ಹೀಟರ್‌ಗೆ ಹೋಗುವ ತಣ್ಣೀರಿನದನ್ನೂ ಅದರಿಂದ ಬರುವ ಬಿಸಿನೀರಿನದನ್ನೂ ಮುಚ್ಚಿ, ನಡುವಿನದನ್ನು ತೆರೆಯಬೇಕು. ಹಿಡಿ ಪೈಪಿನ ಗುಂಟ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ಕೆಲವು ಟ್ರೈಲರ್‌ಗಳಲ್ಲಿ ಎರಡೇ ವಾಲ್ವ್, ಕೆಲವದರಲ್ಲಿ ಒಂದೇ. ಬೈಪಾಸ್ ಮಾಡದಿದ್ದರೆ 6 ಗ್ಯಾಲನ್ ಹೀಟರ್ ತುಂಬುವವರೆಗೂ ಆಂಟಿಫ್ರೀಜ್ ಅದರ ಹೊಟ್ಟೆಗೇ ಹೋಗುತ್ತದೆ. ತಣ್ಣೀರಿನ ನಲ್ಲಿಯಲ್ಲಿ ಬಣ್ಣ ಬಂದು ಬಿಸಿನೀರಿನದರಲ್ಲಿ ಬರುತ್ತಿಲ್ಲವೆಂದರೆ ಮೊದಲು ನೋಡಬೇಕಾದದ್ದು ಇದೇ ವಾಲ್ವುಗಳನ್ನು.

ಶುದ್ಧ ನೀರಿನ ಟ್ಯಾಂಕು ಖಾಲಿ ಮಾಡಿ. ಟ್ರೈಲರ್‌ನ ಅಡಿಯಲ್ಲಿರುವ ಲೋ ಪಾಯಿಂಟ್ ಡ್ರೈನ್‌ಗಳು (ಪೈಪುಗಳ ತಗ್ಗಿನಲ್ಲಿ ನೀರು ಹೊರಬಿಡುವ ಬಾಯಿಗಳು) ಬಿಸಿ, ತಣ್ಣೀರಿಗೆ ಒಂದೊಂದರಂತೆ ಎರಡು. ಎರಡನ್ನೂ ಬಿಚ್ಚಿ, ಒಳಗಿನ ನಲ್ಲಿಗಳನ್ನೆಲ್ಲ ತೆರೆದಿಡಿ. ಇಲ್ಲಿ ಆತುರಪಟ್ಟರೆ ಪೈಪಿನಲ್ಲಿ ಉಳಿದ ನೀರು ಆಂಟಿಫ್ರೀಜನ್ನು ತೆಳುವಾಗಿಸುತ್ತದೆ. ಬಾಟಲಿಯ ಮೇಲಿನ ಮೈನಸ್ 50 ಎಂಬ ಅಂಕಿಯನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ಅದು ಪೈಪು ಒಡೆಯದೆ ಉಳಿಯುವ ಮಿತಿ, ಫ್ಯಾರನ್‌ಹೀಟ್‌ನಲ್ಲಿ. ದ್ರವ ಅದಕ್ಕಿಂತ ಬಹಳ ಮೊದಲೇ ಗಂಜಿಯ ಹದಕ್ಕೆ ಬರುತ್ತದೆ, ಆದರೆ ಪೈಪನ್ನು ಸೀಳುವಂತೆ ಹಿಗ್ಗುವುದಿಲ್ಲ. ನೀರು ಬೆರೆಯದಿದ್ದರೆ ಮಾತ್ರ ಈ ಮಾತು ನಿಜ. ನಲ್ಲಿಯಿಂದ ಬರುವ ಬಣ್ಣ ಬಾಟಲಿಯಲ್ಲಿರುವಷ್ಟೇ ಗಾಢವಾಗುವವರೆಗೆ ಬಿಡಿ, ತಿಳಿಗುಲಾಬಿಗೆ ನಿಲ್ಲಿಸಬೇಡಿ. ಪ್ರೊಪೈಲೀನ್ ಗ್ಲೈಕಾಲ್‌ನಿಂದ ಮಾಡಿದ ಆರ್‌ವಿ (ಮನೆಗಾಡಿಗಳ) ಆಂಟಿಫ್ರೀಜನ್ನೇ ಕೊಳ್ಳಿ. ಕಾರಿನ ರೇಡಿಯೇಟರ್‌ಗೆ ಹಾಕುವುದರಲ್ಲಿ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಇರುತ್ತದೆ. ಅದು ವಿಷ, ಕುಡಿಯುವ ನೀರಿನ ಪೈಪಿಗೆ ಅದನ್ನು ಎಂದೂ ಬಿಡಬಾರದು.

ಪಂಪಿಗೆ ಮೊದಲು ಸಿಗುವ ವಾಲ್ವನ್ನು ತಿರುಗಿಸಿ, ಎಳೆಯುವ ಕೊಳವೆಯನ್ನು ಬಾಟಲಿಯೊಳಗೆ ಇಳಿಸಿ ಪಂಪು ಹಾಕಿ. ಲೋ ಪಾಯಿಂಟ್ ಡ್ರೈನ್‌ಗಳನ್ನು ಮುಚ್ಚಿದ್ದು ಖಚಿತವಿರಲಿ. ಹೆಚ್ಚಿನ ಟ್ರೈಲರ್‌ಗಳಿಗೆ 2ರಿಂದ 3 ಗ್ಯಾಲನ್ ಸಾಕಾಗುತ್ತದೆ. ಪಂಪಿನ ಮುಂದಿನ ಪಾರದರ್ಶಕ ಜರಡಿ ಬಟ್ಟಲಿನಲ್ಲೂ ಗುಲಾಬಿ ಕಾಣಬೇಕು. ನೀರು ನಿಂತರೆ ಬೇಗ ಬಿರಿಯುವ ಭಾಗಗಳಲ್ಲಿ ಅದೂ ಒಂದು. ನೀರಿನ ಫಿಲ್ಟರ್ ಇದ್ದರೆ ಕಾರ್ಟ್ರಿಜ್ ತೆಗೆದಿಟ್ಟೇ ಈ ಕೆಲಸ ಶುರುಮಾಡಿ.

ಒಳಗಿನ ನಲ್ಲಿಗಳಾದ ಮೇಲೆ ಬಹಳ ಜನ ನಿಲ್ಲಿಸಿಬಿಡುತ್ತಾರೆ. ಅಲ್ಲಿ ನಿಲ್ಲಿಸಬೇಡಿ. ಟಾಯ್ಲೆಟ್‌ನ ಪೆಡಲ್ ಒತ್ತಿ ಹಿಡಿಯಿರಿ, ಪಕ್ಕದ ಸ್ಪ್ರೇ ಇದ್ದರೆ ಅದನ್ನೂ ಬಿಡಿ. ಹೊರಗಿನ ಷವರ್‌ನ ಬಿಸಿ, ತಣ್ಣೀರಿನ ತಿರುಪುಗಳನ್ನು ಒಂದಾದ ಮೇಲೊಂದು ತೆರೆದು ಎರಡರಲ್ಲೂ ಬಣ್ಣ ಬರಿಸಿ, ಕೊನೆಗೆ ಷವರ್ ಹೋಸನ್ನು ಬಿಚ್ಚಿ ನೀರು ಸುರಿದುಬಿಡಿ. ಹೋಸ್ ಸಿಕ್ಕಿಸುವ ಬಾಯಿಗೆ ಬಂದಾಗ ಪಂಪು ನಿಲ್ಲಿಸಿ, ಒಂದು ನಲ್ಲಿ ತೆರೆದು ಒತ್ತಡವನ್ನು ಬಹುಮಟ್ಟಿಗೆ ಇಳಿಸಿ. ಅಲ್ಲಿನ ಸಣ್ಣ ಜಾಲರಿ ತೆಗೆದು, ನಡುವಿನ ಕಡ್ಡಿಯನ್ನು ಮೆಲ್ಲಗೆ ಒತ್ತಿದರೆ ಒಳಗಿನ ನೀರು ಚಿಮ್ಮಿ, ಹಿಂದೆಯೇ ಗುಲಾಬಿ ಬರುತ್ತದೆ. ಪೂರ್ತಿ ಒತ್ತಡದಲ್ಲಿ ಒತ್ತಿದರೆ ರಬ್ಬರ್ ಉಂಗುರ ಜಾಗ ಬಿಟ್ಟು, ಮುಂದೆ ಅದೇ ಸೋರುವ ಜಾಗವಾಗುತ್ತದೆ. ಬ್ಲ್ಯಾಕ್ ಟ್ಯಾಂಕ್ ತೊಳೆಯುವ ಪೈಪಿಗೆ ಪಂಪಿನ ಸಂಪರ್ಕವೇ ಇಲ್ಲ. ಅದರ ಬಾಯಿಗೆ ಕಂಪ್ರೆಸರ್ ಜೋಡಿಸಿ, ಟ್ಯಾಂಕಿನ ಗೇಟ್ ವಾಲ್ವ್ ತೆರೆದಿಟ್ಟು, 30 ಪಿಎಸ್‌ಐ (ಒತ್ತಡದ ಅಳತೆ) ಮೀರದಂತೆ ಗಾಳಿ ಊದಿದರೆ ಆಯಿತು.

ಇಡೀ ಟ್ರೈಲರ್‌ಗೆ ಗಾಳಿಯನ್ನೇ ಬಳಸುವವರೂ ಇದ್ದಾರೆ. 40 ಪಿಎಸ್‌ಐ ಸಾಕು, 50 ದಾಟಬಾರದು, ಒಂದು ನಲ್ಲಿ ತೆರೆದ ಮೇಲೆಯೇ ಗಾಳಿ ಬಿಡಬೇಕು. ಟೈರ್‌ಗೆ ಗಾಳಿ ತುಂಬುವ ಪುಟ್ಟ ಯಂತ್ರದಿಂದ ಇದು ಆಗುವುದಿಲ್ಲ. ಒತ್ತಡ ಇದ್ದರೂ ನೀರನ್ನು ತಳ್ಳುವಷ್ಟು ಗಾಳಿಯ ಪ್ರಮಾಣ ಅದಕ್ಕಿಲ್ಲ. ಗಾಳಿ ಊದಿದರೂ ಪಂಪಿನಲ್ಲಿ ನೀರು ಉಳಿಯುತ್ತದೆ, ಅದಕ್ಕೆ ಆಂಟಿಫ್ರೀಜ್ ಬೇಕೇ ಬೇಕು. ತೀವ್ರ ಚಳಿಯ ಕಡೆ ಮೊದಲು ಗಾಳಿ, ಆಮೇಲೆ ಆಂಟಿಫ್ರೀಜ್ ಎಂಬ ಕ್ರಮವೇ ನಮಗೆ ಸರಿಯೆನಿಸುವುದು.

ಸಿಂಕು ಮತ್ತು ಷವರ್‌ನ ಕೆಳಗೆ ನೀರು ನಿಲ್ಲುವ ಬಾಗಿದ ಪೈಪುಗಳಾದ ಪಿ-ಟ್ರ್ಯಾಪ್‌ಗಳಿಗೆ ಎರಡೆರಡು ಕಪ್ ಆಂಟಿಫ್ರೀಜ್, ಖಾಲಿ ಮಾಡಿದ ಗ್ರೇ (ಸಿಂಕು, ಷವರ್‌ನ ಬಳಸಿದ ನೀರು ಸೇರುವ) ಮತ್ತು ಬ್ಲ್ಯಾಕ್ ಟ್ಯಾಂಕುಗಳಿಗೆ ಸುಮಾರು ಒಂದೊಂದು ಲೀಟರ್ ಸುರಿಯಿರಿ.

ಅಂಗಡಿಗೆ ಕೊಟ್ಟು ಮಾಡಿಸುವವರು ಹೊರಗಿನ ಷವರ್, ಹೋಸ್ ಬಾಯಿ, ಬ್ಲ್ಯಾಕ್ ಟ್ಯಾಂಕ್ ಫ್ಲಷ್ ಎಂದು ಒಂದೊಂದನ್ನೂ ಹೆಸರು ಹೇಳಿ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಹೆಪ್ಪುಗಟ್ಟಿ ಆದ ಹಾನಿಗೆ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ, ಹಲವು ವಿಮೆಗಳೂ ಅದನ್ನು ಹೊರಗಿಡುತ್ತವೆ.

ವಸಂತದಲ್ಲಿ ಪೈಪು ತೊಳೆದು, ಬೈಪಾಸನ್ನು ಮೊದಲಿನಂತೆ ತಿರುಗಿಸಿ, ಬಿಸಿನೀರಿನ ನಲ್ಲಿಯಲ್ಲಿ ನೀರು ಎಡೆಬಿಡದೆ ಬರುವವರೆಗೂ ಹೀಟರ್ ಹಚ್ಚಬೇಡಿ. ಹೊರಗಿನ ಹೋಸ್ ಜೋಡಿಸುವ ಮೊದಲು ಟ್ಯಾಂಕಿಗೆ ಕೆಲವೇ ಗ್ಯಾಲನ್ ನೀರು ಹಾಕಿ ಪಂಪು ಓಡಿಸಿ. ಎಲ್ಲ ನಲ್ಲಿ ಮುಚ್ಚಿದಾಗ ಪಂಪು ನಿಲ್ಲಬೇಕು, ನಿಂತು ಸುಮ್ಮನಿರಬೇಕು. ಯಾರೂ ನೀರು ಬಳಸದೆ ಅದು ಆಗಾಗ ಗುರ್ ಎಂದರೆ ಎಲ್ಲೋ ಸೋರುತ್ತಿದೆ ಅಥವಾ ಪಂಪಿನದೇ ಚೆಕ್ ವಾಲ್ವ್ ಹಿಡಿಯುತ್ತಿಲ್ಲ. ಬ್ಲ್ಯಾಕ್ ಟ್ಯಾಂಕ್ ಫ್ಲಷ್ ಮಾತ್ರ ಈ ಪರೀಕ್ಷೆಗೆ ಸಿಗುವುದಿಲ್ಲ. ಟ್ಯಾಂಕಿನ ವಾಲ್ವ್ ತೆರೆದು ಅದಕ್ಕೆ ಬೇರೆಯಾಗಿ ಹೋಸ್ ಹಾಕಿ, ಬಾತ್‌ರೂಮಿನ ಗೋಡೆಯ ಬುಡವನ್ನು ಮುಟ್ಟಿ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಹಳೆಯ ಟ್ರೈಲರ್ ಕೊಳ್ಳುವವರು ಈ ಎರಡನ್ನೂ ಮಾರುವವರ ಅಂಗಳದಲ್ಲೇ ಮಾಡಿಸಿ. ಇನ್ನೂ ಆಂಟಿಫ್ರೀಜ್ ತೆಗೆದಿಲ್ಲ, ನೀರು ಹಾಕಿ ತೋರಿಸಲಾಗದು ಎಂದರೆ ತೋರಿಸುವವರೆಗೆ ಮುಂಗಡವನ್ನೂ ಕೊಡಬೇಡಿ.