ಫ್ಲೆಕ್ಸ್, ರಟ್ಟು, ಬಟ್ಟೆ: ಮೇಳದ ಮಳಿಗೆಗೆ ಮೂರು ಬಗೆಗಳ ಹೋಲಿಕೆ

ನಮ್ಮ ಸಂಸ್ಥೆಯ ಪರವಾಗಿ ವಾಣಿಜ್ಯ ಮೇಳಗಳಲ್ಲಿ ಮಳಿಗೆ ಹಾಕುವ ಹೊಣೆ ಕೆಲವು ವರ್ಷಗಳಿಂದ ನನ್ನ ಮೇಲಿದೆ. 9 ಚದರ ಮೀಟರಿನ ಅದೇ ಅಳತೆಯ ಜಾಗದಲ್ಲಿ ಮೂರು ಬಗೆಯ ಮಳಿಗೆಗಳನ್ನು ಬೇರೆ ಬೇರೆ ಮೇಳಗಳಲ್ಲಿ ನಿಲ್ಲಿಸಿ ನೋಡಿದ್ದೇನೆ: ಪ್ಲೈವುಡ್ ಗೋಡೆಗೆ ಫ್ಲೆಕ್ಸ್ ಹೊದಿಸಿದ್ದು, ಜೇನುಗೂಡು ರಟ್ಟಿನಿಂದ ಮಾಡಿದ್ದು, ಅಲ್ಯೂಮಿನಿಯಂ ಚೌಕಟ್ಟಿಗೆ ಮುದ್ರಿತ ಬಟ್ಟೆಯನ್ನು ಸಿಕ್ಕಿಸಿದ್ದು. ಮೇಳ ಮುಗಿದ ಮೇಲೆ ಏನು ಉಳಿಯಿತು, ಉಳಿದದ್ದು ಎಲ್ಲಿಗೆ ಹೋಯಿತು ಎಂಬ ಒಂದೇ ಪ್ರಶ್ನೆಯಿಂದ ಮೂರನ್ನೂ ಅಳೆದಿದ್ದೇನೆ.

ಫ್ಲೆಕ್ಸಿನ ಅನುಕೂಲ ಎಲ್ಲರಿಗೂ ಗೊತ್ತಿರುವುದೇ. ಅಗ್ಗ, ಬಣ್ಣ ಗಾಢ, ಒಂದೇ ರಾತ್ರಿಯಲ್ಲಿ ಮುದ್ರಣವಾಗಿ ಕೈಗೆ ಬರುತ್ತದೆ. ಆದರೆ ಅದು ಪಾಲಿಯೆಸ್ಟರ್ ನೂಲಿನ ಬಲೆಗೆ ಪಿವಿಸಿ ಪ್ಲಾಸ್ಟಿಕ್ಕನ್ನು ಅಂಟಿಸಿ ಮಾಡಿದ ಹಾಳೆಯಾದ್ದರಿಂದ, ಎರಡನ್ನೂ ಬೇರ್ಪಡಿಸಿ ಮರುಬಳಕೆಗೆ ಕಳುಹಿಸುವುದು ಬಹಳ ಕಷ್ಟ. ಬಯಲಿನಲ್ಲಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲವೂ ಡಯಾಕ್ಸಿನ್‌ಗಳೆಂಬ ವಿಷವಸ್ತುಗಳೂ ಹೊರಬರುತ್ತವೆ. ನಮ್ಮ ಫ್ಲೆಕ್ಸಿನಲ್ಲಿ ಮೇಳದ ಹೆಸರು ಮತ್ತು ದಿನಾಂಕ ಅಚ್ಚಾಗಿದ್ದವು. ಹಾಗಾಗಿ ಮೂರನೆಯ ದಿನದ ಸಂಜೆಗೆ ಅದು ನಿಷ್ಪ್ರಯೋಜಕವಾಯಿತು. ಸಭಾಂಗಣವನ್ನು ಅದೇ ರಾತ್ರಿ ತೆರವು ಮಾಡಬೇಕಿದ್ದುದರಿಂದ, ಮೊಳೆ ಹೊಡೆದು ಬಣ್ಣ ಬಳಿದಿದ್ದ ಪ್ಲೈವುಡ್ಡನ್ನು ಬಿಚ್ಚುವ ವ್ಯವಧಾನ ಯಾರಿಗೂ ಇರದೆ ಅದನ್ನು ಒಡೆದೇ ಹಾಕಿದರು. ಆ ರಾಶಿಯನ್ನು ಕಂಡ ರಾತ್ರಿಯೇ ಬೇರೆ ದಾರಿ ಹುಡುಕಲು ನಿರ್ಧರಿಸಿದೆ.

ಜೇನುಗೂಡು ರಟ್ಟಿನಲ್ಲಿ ಎರಡು ಕಾಗದದ ಹಾಳೆಗಳ ನಡುವೆ ಆರು ಮೂಲೆಯ ಕಾಗದದ ಕೋಶಗಳಿರುತ್ತವೆ. ಅಷ್ಟು ದೊಡ್ಡ ಗೋಡೆಯನ್ನು ಇಬ್ಬರು ಸುಲಭವಾಗಿ ಎತ್ತಿ ನಿಲ್ಲಿಸಿದೆವು. ಸುತ್ತಿಗೆ, ಮೊಳೆ ಯಾವುದೂ ಬೇಕಾಗಲಿಲ್ಲ. ಮುಗಿದ ಮೇಲೆ ಅದು ಹಳೆಯ ಕಾಗದದ ಜೊತೆ ಮರುಬಳಕೆಗೆ ಹೋಯಿತು. ತೊಡಕುಗಳೂ ಇವೆ. ತೇವ ತಾಗಿದರೆ ರಟ್ಟು ಉಬ್ಬುತ್ತದೆ, ಸಾಗಣೆಯಲ್ಲಿ ಅಂಚುಗಳು ಜಜ್ಜಿಹೋಗುತ್ತವೆ. ನಮ್ಮದು ಎರಡನೆಯ ಮೇಳಕ್ಕೇ ಸೊರಗಿತ್ತು. ಹೊಳಪಿಗಾಗಿ ಮೇಲೆ ಪ್ಲಾಸ್ಟಿಕ್ ಪದರ ಅಂಟಿಸೋಣವೆಂದು ಮುದ್ರಕರು ಸಲಹೆ ಕೊಡಬಹುದು. ಅದಕ್ಕೆ ಒಪ್ಪಿದರೆ ಕಾಗದವಾಗಿ ಮರುಬಳಕೆಯಾಗುವ ಗುಣವೇ ಕೆಡುತ್ತದೆ. ಬೆಂಕಿ ಬೇಗ ಹಿಡಿಯದಂತೆ ಸಂಸ್ಕರಿಸಿದ ರಟ್ಟೇ ಬೇಕೆಂದು ಅನೇಕ ಸಭಾಂಗಣಗಳು ಕೇಳುವುದರಿಂದ, ಅದರ ಪ್ರಮಾಣಪತ್ರವನ್ನು ಖರೀದಿಗೆ ಮೊದಲೇ ಪಡೆಯುವುದು ಒಳ್ಳೆಯದು. ವರ್ಷಕ್ಕೆ ಒಂದೇ ಮೇಳಕ್ಕೆ ಹೋಗುವವರಿಗೆ ನಾನು ರಟ್ಟನ್ನೇ ಸೂಚಿಸುತ್ತೇನೆ.

ನಮ್ಮಂತೆ ಮೇಲಿಂದ ಮೇಲೆ ಮೇಳಗಳಿಗೆ ಹೋಗುವವರಿಗೆ ಮೂರನೆಯದೇ ಸರಿ ಎಂಬುದು ನನ್ನ ತೀರ್ಮಾನ. ಆದರೆ ಆ ತೀರ್ಮಾನಕ್ಕೆ ಷರತ್ತುಗಳಿವೆ. ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಶಾಯಿ ಆವಿಯಾಗಿ ಪಾಲಿಯೆಸ್ಟರ್ ನೂಲಿನೊಳಗೇ ಸೇರಿಕೊಳ್ಳುವ ವಿಧಾನದಲ್ಲಿ ಈ ಬಟ್ಟೆಯನ್ನು ಮುದ್ರಿಸುತ್ತಾರೆ; ಆದ್ದರಿಂದ ಮಡಿಸಿದರೂ ಚಿತ್ರ ಬಿರಿಯುವುದಿಲ್ಲ. ಅಂಚಿಗೆ ಹೊಲಿದ ಸಿಲಿಕೋನ್ ಪಟ್ಟಿಯನ್ನು ಚೌಕಟ್ಟಿನ ಸೀಳುಗುಳಿಗೆ ಒತ್ತಿದರೆ ಗೋಡೆ ಸಿದ್ಧ. ಆದರೆ ಪಾಲಿಯೆಸ್ಟರ್ ಕೂಡ ಪ್ಲಾಸ್ಟಿಕ್ಕೇ, ಮತ್ತು ಅದಿರಿನಿಂದ ಅಲ್ಯೂಮಿನಿಯಂ ತೆಗೆಯಲು ಅಪಾರ ವಿದ್ಯುತ್ ಬೇಕು. ಹಳೆಯ ಅಲ್ಯೂಮಿನಿಯಂ ಕರಗಿಸಿ ಮತ್ತೆ ಬಳಸಲು ಅದರ ಸುಮಾರು ಶೇ. 5ರಷ್ಟು ಶಕ್ತಿ ಸಾಕು. ಮೊದಲ ಮೇಳದ ದಿನ ಈ ಮಳಿಗೆ ಪರಿಸರದ ಲೆಕ್ಕದಲ್ಲಿ ರಟ್ಟಿಗಿಂತ ಹಗುರ ಎಂದು ನಾನು ಹೇಳಲಾರೆ. ಮರುಬಳಕೆಯ ಲೋಹದ ಚೌಕಟ್ಟನ್ನು ಕೇಳಿ ಪಡೆದು, ಮತ್ತೆ ಮತ್ತೆ ಬಳಸಿದಾಗಲಷ್ಟೇ ಅದರ ಹೊರೆ ಹಂಚಿಹೋಗುತ್ತದೆ.

ಮತ್ತೆ ಮತ್ತೆ ಬಳಸುವುದು ಸಾಧ್ಯವಾಗುವುದು ವಿನ್ಯಾಸದಿಂದ. ಮೊದಲ ಸಲ ಹಿಂಗೋಡೆಯ ಬಟ್ಟೆಯಲ್ಲಿ ಇಸವಿಯನ್ನು ಮುದ್ರಿಸಿದ್ದೆವು. ಆ ನಾಲ್ಕು ಅಂಕಿಗಳ ಕಾರಣಕ್ಕೆ ಇಡೀ ಗೋಡೆಯನ್ನು ಕೈಬಿಡಬೇಕಾಯಿತು. ಈಗ ದೊಡ್ಡ ಗೋಡೆಗಳ ಮೇಲೆ ಸಂಸ್ಥೆಯ ಹೆಸರು ಮತ್ತು ನಾವು ಮಾಡುವ ಕೆಲಸ ಮಾತ್ರ ಇರುತ್ತವೆ. ಹೊಸ ಉತ್ಪನ್ನದ ಮಾಹಿತಿ ಕಿರಿದಾದ ಒಂದೇ ಫಲಕದಲ್ಲಿ ಬರುತ್ತದೆ, ಪ್ರತಿ ಸಲ ಅದನ್ನಷ್ಟೇ ಬದಲಿಸುತ್ತೇವೆ.

ಸಾಗಣೆಯ ವಿಷಯದಲ್ಲಿ ಒಮ್ಮೆ ಎಡವಿದ್ದೇನೆ. ತೀರ್ಮಾನ ತಡವಾದ ಕಾರಣ ಚೌಕಟ್ಟನ್ನು ವಿಮಾನದಲ್ಲಿ ಕಳುಹಿಸಿದೆವು. ಅದೇ ತೂಕವನ್ನು ಅಷ್ಟೇ ದೂರ ಒಯ್ಯಲು ವಿಮಾನವು ಹಡಗಿಗಿಂತ ಹಲವು ಹತ್ತು ಪಟ್ಟು ಹೆಚ್ಚು ಇಂಗಾಲ ಹೊರಸೂಸುತ್ತದೆ. ಮರುಬಳಕೆಯಿಂದ ಗಳಿಸಿದ್ದನ್ನು ಒಂದೇ ಪ್ರಯಾಣದಲ್ಲಿ ಕಳೆದುಕೊಂಡೆವೆಂದೇ ಭಾವಿಸುತ್ತೇನೆ. ದೂರದ ಮೇಳವಾದರೆ ಅಲ್ಲಿಯೇ ಚೌಕಟ್ಟನ್ನು ಬಾಡಿಗೆಗೆ ಪಡೆದು, ಬಟ್ಟೆಯನ್ನು ಮಾತ್ರ ಚೀಲದಲ್ಲಿ ಒಯ್ಯುವುದು ಉತ್ತಮ.

ಮಳಿಗೆಗೆ ಬಂದವರಿಗೆ ಕೊಡುವ ವಸ್ತುಗಳಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಹತ್ತಿಯ ಚೀಲ. ಡೆನ್ಮಾರ್ಕಿನ ಪರಿಸರ ಸಂರಕ್ಷಣಾ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹವಾಮಾನದ ಪರಿಣಾಮವೊಂದನ್ನೇ ಲೆಕ್ಕಕ್ಕೆ ತೆಗೆದುಕೊಂಡರೂ, ಸಾಮಾನ್ಯ ಹತ್ತಿಯ ಚೀಲವನ್ನು ಕನಿಷ್ಠ 52 ಸಲ ಬಳಸಿದರಷ್ಟೇ ಅದು ಅಂಗಡಿಯ ತೆಳುವಾದ ಪ್ಲಾಸ್ಟಿಕ್ ಚೀಲಕ್ಕೆ ಸಮನಾಗುತ್ತದೆ. ಮೇಳದಲ್ಲಿ ಒಬ್ಬೊಬ್ಬರ ಕೈಯಲ್ಲೂ ಐದಾರು ಚೀಲ ಕಂಡ ಮೇಲೆ ನಾವು ಚೀಲ ಕೊಡುವುದನ್ನು ನಿಲ್ಲಿಸಿದೆವು. ಕರಪತ್ರದ ಬದಲು ಕ್ಯೂಆರ್ ಕೋಡ್ ಇಟ್ಟೆವು. ಸಭಾಂಗಣದಲ್ಲಿ ಮೊಬೈಲ್ ಸಂಪರ್ಕ ಕುಂಠಿತವಾಗಿದ್ದರಿಂದ, ಕೇಳಿದವರಿಗಷ್ಟೇ ಕೊಡಲು ಒಂದು ಹಾಳೆಯ ಮಾಹಿತಿಪತ್ರವನ್ನೂ ಇಡಬೇಕಾಯಿತು.

ಆಯೋಜಕರ ಬಳಿ ಐಎಸ್‌ಒ 20121 ಪ್ರಮಾಣಪತ್ರ ಇದೆಯೇ ಎಂದು ಕೇಳುವುದು ಒಳ್ಳೆಯದು. 2012ರಲ್ಲಿ ಬಂದು 2024ರಲ್ಲಿ ಪರಿಷ್ಕೃತವಾದ ಈ ಮಾನದಂಡ ಕಾರ್ಯಕ್ರಮಗಳ ಸುಸ್ಥಿರ ನಿರ್ವಹಣೆಗೆ ಸಂಬಂಧಿಸಿದ್ದು. ಅದು ನಿರ್ವಹಣೆಯ ಕ್ರಮವನ್ನು ಹೇಳುತ್ತದೆಯೇ ಹೊರತು ಕಸ ಎಷ್ಟು ಕಡಿಮೆಯಾಯಿತೆಂಬುದನ್ನಲ್ಲ. ಆದ್ದರಿಂದ ನೆಲಹಾಸಿನ ಬಗ್ಗೆ ಪ್ರತ್ಯೇಕವಾಗಿ ವಿಚಾರಿಸುತ್ತೇನೆ. ಒಂದೇ ಮೇಳಕ್ಕೆ ಹಾಸಿ ಎಸೆಯುವ ಪ್ಲಾಸ್ಟಿಕ್ ನೂಲಿನ ಹಾಸು ಬೇಡವೆಂದು ಕಳೆದ ಮೇಳದಲ್ಲಿ ಬರೆದುಕೊಟ್ಟು, ಸಭಾಂಗಣದ ಬರಿನೆಲದ ಮೇಲೆಯೇ ಮಳಿಗೆ ಹಾಕಿದೆವು. ಮೂರು ದಿನಗಳಲ್ಲಿ ಬಂದವರಲ್ಲಿ ಒಬ್ಬರೂ ನೆಲದ ಬಗ್ಗೆ ಕೇಳಲಿಲ್ಲ.